ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉಗಮಿಸುವ ಗಂಗಾಮೂಲವು ಪಶ್ಚಿಮ ಘಟ್ಟದ ದಟ್ಟವಾದ ಅರಣ್ಯದ ನಡುವೆ ಇದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮನುಷ್ಯಸಂಚಾರವೇ ವಿರಳವಾಗಿದ್ದ ಆ ಕಾಡಿನಲ್ಲಿ ಒಂದು ಆಶ್ರಮವಿತ್ತು. ಕಾರ್ಕಳದ ಸಮೀಪದ ಮಾಳ ಎಂಬ ಊರಿನವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಅಲ್ಲಿ ಪತ್ನಿ ಲಕ್ಷ್ಮೀಬಾಯಿಯವರೊಡನೆ ವಾಸವಾಗಿದ್ದರು. 1858ರ ಏಪ್ರಿಲ್ 23ರಂದು ಅವರಿಗೆ ಒಬ್ಬ ಮಗಳು ಹುಟ್ಟಿದಳು. ಅವಳೇ ಮುಂದೆ ಪಂಡಿತಾ ರಮಾಬಾಯಿ ಎಂದು ಪ್ರಸಿದ್ಧಳಾದಳು.

ಅನಂತಶಾಸ್ತ್ರಿಗಳು ಕಾಡನ್ನು ಸೇರಿದ್ದಕ್ಕೆ ಒಂದು ಕಾರಣವಿತ್ತು. ತಾರುಣ್ಯದಲ್ಲಿ ಅವರು ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಸ್ತ್ರೀಯೊಬ್ಬಳ ಬಾಯಿಂದ ಸಂಸ್ಕೃತ ಶ್ಲೋಕಗಳನ್ನು ಕೇಳಿದ ಆ ವಿದ್ಯಾರ್ಥಿ, ತನ್ನ ಮಡದಿಗೂ ಹೀಗೆಯೇ ಕಲಿಸಬೇಕೆಂದು ಅಂದೇ ನಿಶ್ಚಯಿಸಿದರು. ಮನೆಯ ಹಿರಿಯರ ವಿರೋಧದಿಂದ ಮೊದಲ ಪತ್ನಿಗೆ ಕಲಿಸುವುದು ಸಾಧ್ಯವಾಗಲಿಲ್ಲ. ಆಕೆ ತೀರಿಕೊಂಡ ಬಳಿಕ ಕೈಹಿಡಿದ ಲಕ್ಷ್ಮೀಬಾಯಿಗೆ ಅವರು ಹಟತೊಟ್ಟು ಕಲಿಸಿದರು. ಹೆಂಗಸಿಗೆ ದೇವಭಾಷೆಯನ್ನು ಕಲಿಸುವುದು ಅಂದಿನ ಸಮಾಜದ ಕಣ್ಣಿಗೆ ದೊಡ್ಡ ಅಪರಾಧ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಶಾಸ್ತ್ರಗಳ ಆಧಾರದಿಂದಲೇ ತಮ್ಮ ನಡತೆಯನ್ನು ಸಮರ್ಥಿಸಿಕೊಂಡರೂ ಸುತ್ತಲಿನವರ ಕಿರುಕುಳ ತಪ್ಪಲಿಲ್ಲ. ಆದುದರಿಂದ ಅವರು ಗಂಗಾಮೂಲದ ಏಕಾಂತವನ್ನು ಆರಿಸಿಕೊಂಡರು. ನಂಬಿದ್ದನ್ನು ಮೊದಲು ಮನೆಯೊಳಗೆ ಆಚರಿಸಬೇಕೆಂಬ ಪಾಠವು ರಮಾಬಾಯಿಗೆ ತಂದೆಯಿಂದಲೇ ದೊರೆಯಿತೆನ್ನಬಹುದು.

ಅತಿಥಿಗಳಿಗೂ ಶಿಷ್ಯರಿಗೂ ಉಣಬಡಿಸಿ ಶಾಸ್ತ್ರಿಗಳ ಸಂಪತ್ತು ಬೇಗನೆ ಕರಗಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರವು ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿ ರಮಾ ಘಟ್ಟವನ್ನು ಇಳಿದಳು. ಅಂದಿನಿಂದ ಆ ಕುಟುಂಬಕ್ಕೆ ನೆಲೆಯೆಂಬುದು ಇರಲಿಲ್ಲ. ದೇವಾಲಯಗಳ ಅಂಗಳದಲ್ಲಿಯೂ ನದಿಯ ಘಟ್ಟಗಳಲ್ಲಿಯೂ ಕುಳಿತು ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ದಕ್ಷಿಣೆಯಿಂದ ಜೀವಿಸುವುದು ಅವರ ವೃತ್ತಿಯಾಯಿತು. ತಂದೆ ಮುದುಕರಾಗಿದ್ದುದರಿಂದ ರಮೆಗೆ ತಾಯಿಯೇ ಗುರುವಾದರು. ಹಗಲೆಲ್ಲ ದುಡಿಮೆಯಾದ್ದರಿಂದ ಲಕ್ಷ್ಮೀಬಾಯಿಯವರು ಬೆಳಗಿನ ಜಾವದಲ್ಲಿ, ಹಕ್ಕಿಗಳು ಕೂಗುವ ಮೊದಲೇ, ಮಲಗಿದ ಮಗಳನ್ನು ತೊಡೆಯ ಮೇಲೆ ಎತ್ತಿಕೊಂಡು ಪ್ರೀತಿಯ ಮಾತುಗಳಿಂದ ಎಬ್ಬಿಸಿ ಪಾಠ ಹೇಳುತ್ತಿದ್ದರು. ಹದಿಹರೆಯದೊಳಗೆ ಹುಡುಗಿಗೆ ಭಾಗವತದ 18,000 ಶ್ಲೋಕಗಳು ಬಾಯಿಪಾಠವಾಗಿದ್ದವು.

ರಮೆಗೆ ಹದಿನಾರು ವರ್ಷವಾಗಿದ್ದಾಗ, 1874ರಲ್ಲಿ, ಮದರಾಸು ಪ್ರಾಂತದ ಕ್ಷಾಮವು ಈ ಸಂಸಾರವನ್ನು ನುಂಗಿತು. ಕೈಯಲ್ಲಿದ್ದ ಹಣವು ದಾನಧರ್ಮಗಳಿಗೆ ಹೋಗಿತ್ತು. ಪಾತ್ರೆ ಬಟ್ಟೆಗಳೂ ಮಾರಾಟವಾದವು. ಪುರಾಣ ಓದುವುದರ ಹೊರತು ಬೇರೆ ಕೆಲಸವನ್ನು ಯಾರೂ ಕಲಿತಿರಲಿಲ್ಲ. ಭಿಕ್ಷೆ ಬೇಡಲು ಅಭಿಮಾನ ಬಿಡಲಿಲ್ಲ. ಕಾಡನ್ನು ಹೊಕ್ಕು ಹನ್ನೊಂದು ದಿನ ನೀರು, ಎಲೆ, ಹಿಡಿಯಷ್ಟು ಕಾಡು ಖರ್ಜೂರ ಇವುಗಳಿಂದ ಜೀವ ಹಿಡಿದರು. ಕಣ್ಣು ಕಾಣದ ಮುದಿ ತಂದೆಯು ಕಿರಿಯ ಮಗಳನ್ನು ಎದೆಗೆ ಅವಚಿಕೊಂಡು, ಅವಳನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಜೀವಮಾನವೆಲ್ಲ ಅವನನ್ನೇ ಸೇವಿಸಬೇಕೆಂದೂ ಹೇಳಿ ಕಣ್ಣುಮುಚ್ಚಿದರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಹೆಣವನ್ನು ಹೊರಲು ನಾಲ್ವರು ಸಿಕ್ಕುವುದೇ ಕಷ್ಟವಾಯಿತು. ಇಬ್ಬರು ಬ್ರಾಹ್ಮಣರು ಕರುಣೆಯಿಂದ ಹೆಗಲು ಕೊಟ್ಟರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಅವಳು ಗಿಡ್ಡವಾಗಿದ್ದುದರಿಂದ ಹೆಗಲು ಚಟ್ಟಕ್ಕೆ ನಿಲುಕದೆ ತಲೆಯ ಮೇಲೆ ಹೊತ್ತು ನಡೆದಳು. ಅನಂತರ ಅಕ್ಕನೂ ತೀರಿಕೊಂಡಳು.

ಉಳಿದವರು ಅಣ್ಣ ತಂಗಿಯರಿಬ್ಬರೇ. ಅವರು ದಕ್ಷಿಣದಿಂದ ಪಂಜಾಬ, ಕಾಶ್ಮೀರಗಳವರೆಗೆ, ಅಲ್ಲಿಂದ ಪೂರ್ವಕ್ಕೆ ಬಂಗಾಳದವರೆಗೆ ಸುಮಾರು 4,000 ಮೈಲಿ ನಡೆದರೆಂದು ರಮಾಬಾಯಿಯವರು ಮುಂದೆ ಲೆಕ್ಕ ಹಾಕಿದ್ದಾರೆ. ಝೇಲಂ ನದಿಯ ದಡದಲ್ಲಿ ಕೊರೆಯುವ ಚಳಿಯ ರಾತ್ರಿಗಳಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗೋರಿಯಂತೆ ಎರಡು ಗುಂಡಿಗಳನ್ನು ತೋಡಿ, ಕುತ್ತಿಗೆಯವರೆಗೆ ಮರಳೆಳೆದುಕೊಂಡು ಮಲಗುತ್ತಿದ್ದರು. ಹಸಿವು ತಾಳಲಾರದೆ ಕಾಡುಹಣ್ಣುಗಳನ್ನು ಬೀಜದ ಸಮೇತ ನುಂಗುತ್ತಿದ್ದರು.

1878ರಲ್ಲಿ ಅವರು ಕಲ್ಕತ್ತೆಯನ್ನು ತಲುಪಿದರು. ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತ ಪಾಂಡಿತ್ಯವು ಅಲ್ಲಿನ ವಿದ್ವಾಂಸರನ್ನು ಬೆರಗುಗೊಳಿಸಿತು. ಅವರು ಆಕೆಯನ್ನು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತು ಗೌರವಿಸಿದರು. ಕ್ರೈಸ್ತರ ಒಂದು ಪ್ರಾರ್ಥನಾಕೂಟಕ್ಕೆ ಅಣ್ಣ ತಂಗಿಯರಿಗೆ ಆಹ್ವಾನ ಬಂದದ್ದು ಇಲ್ಲಿಯೇ. ಅಲ್ಲಿದ್ದವರೆಲ್ಲ ಕಣ್ಣುಮುಚ್ಚಿ ಕುರ್ಚಿಗಳ ಎದುರು ಮಂಡಿಯೂರಿದುದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುವವರೆಂದೇ ಅವರಿಬ್ಬರೂ ಭಾವಿಸಿದರಂತೆ. ಮುಂದೆ ಸಹಸ್ರಾರು ಜನರನ್ನು ಪ್ರಾರ್ಥನೆಗೆ ಕೂಡಿಸಿದಾಕೆಗೆ ಆ ಪ್ರಾರ್ಥನೆಯ ಮೊದಲ ಪರಿಚಯವಾದದ್ದು ಹೀಗೆ. ಅಂದು ಕೊಟ್ಟ ಸಂಸ್ಕೃತ ಬೈಬಲ್ಲೂ ಅವರಿಗೆ ರುಚಿಸಲಿಲ್ಲ.

1880ರಲ್ಲಿ ಶ್ರೀನಿವಾಸನೂ ಮೃತನಾದನು. ತಂಗಿಯ ಗತಿಯೇನೆಂಬ ಚಿಂತೆಯೊಂದೇ ಅವನನ್ನು ಕೊನೆಯವರೆಗೆ ಬಾಧಿಸಿತು. ಅದೇ ವರ್ಷ ರಮಾಬಾಯಿಯವರು ಅಣ್ಣನ ಸ್ನೇಹಿತರಾದ ಬಿಪಿನ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಕಾನೂನಿನ ರೀತಿಯಲ್ಲಿ ನೋಂದಣಿ ಮಾಡಿಸಿ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ. ಎರಡೂ ಕಡೆಯವರು ದೂರವಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಅವರ ಪುಟ್ಟ ಸಂಸಾರವು ಸುಖವಾಗಿತ್ತು. 1881ರಲ್ಲಿ ಮಗಳು ಹುಟ್ಟಿದಳು. ಮನಸ್ಸಿಗೆ ಆನಂದ ತಂದವಳೆಂದು ಅವಳಿಗೆ ಮನೋರಮಾ ಎಂದು ಹೆಸರಿಟ್ಟರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆಯೊಂದು ರಮಾಬಾಯಿಯವರ ಕೈಗೆ ಸಿಕ್ಕಿದ್ದೂ ಆ ಮನೆಯಲ್ಲಿಯೇ. ಅದರಲ್ಲಿ ಅವರಿಗೆ ಆಸಕ್ತಿ ಹುಟ್ಟಿತು. ಪತಿಗೆ ಅದು ಹಿಡಿಸಲಿಲ್ಲ. ಆ ಭಿನ್ನಾಭಿಪ್ರಾಯ ಬೆಳೆಯುವುದಕ್ಕೆ ವಿಧಿಯು ಅವಕಾಶ ಕೊಡಲಿಲ್ಲ. 1882ರ ಫೆಬ್ರವರಿಯಲ್ಲಿ ಕಾಲರಾ ರೋಗವು ಬಿಪಿನ ಬಿಹಾರಿಯವರನ್ನು ಒಯ್ದಿತು. ಎರಡು ವರ್ಷವೂ ತುಂಬದ ದಾಂಪತ್ಯ ಅದು.

ಇಪ್ಪತ್ತಮೂರು ವರ್ಷದ ವಿಧವೆಯು ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಶಿಕ್ಷಣದ ಸ್ಥಿತಿಗತಿಗಳನ್ನು ವಿಚಾರಿಸಲು ಬಂದ ಹಂಟರ್ ಆಯೋಗದ ಮುಂದೆ, ಈ ದೇಶಕ್ಕೆ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಎಷ್ಟು ಅವಶ್ಯವೆಂಬುದನ್ನು ಮನಮುಟ್ಟುವಂತೆ ವಿವರಿಸಿದರು. ವೈದ್ಯ ವಿದ್ಯೆಯನ್ನು ತಾವೇ ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೊರಟರು. ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಹಣ ಪ್ರಯಾಣಕ್ಕೆ ನೆರವಾಯಿತು. ಆದರೆ ಅವರ ಶ್ರವಣಶಕ್ತಿಯು ಅಷ್ಟು ಹೊತ್ತಿಗೇ ಕುಂದತೊಡಗಿತ್ತು. ಕಿವಿ ಮಂದವಾದವರಿಗೆ ವೈದ್ಯಶಿಕ್ಷಣ ಒದಗುವಂತಿರಲಿಲ್ಲ. ಆ ಆಸೆ ಅಲ್ಲಿಗೇ ಮುಗಿಯಿತು.

ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಪಂಗಡದ ಸನ್ಯಾಸಿನಿಯರ ಒಂದು ಮಠವಿತ್ತು. ರಮಾಬಾಯಿಯವರು ಅಲ್ಲಿ ಇಳಿದುಕೊಂಡು, ಮರಾಠಿ ಕಲಿಸಿ ಅದರ ಬದಲಿಗೆ ಇಂಗ್ಲಿಷನ್ನು ಕಲಿತರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅದೇ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಶ್ರಯಧಾಮವನ್ನು ಅವರು ನೋಡಿದರು. ಸಮಾಜವು ಪತಿತೆಯರೆಂದು ಹೊರದೂಡಿದ ಹೆಂಗಸರನ್ನು ಅಲ್ಲಿ ಮಠದ ಸ್ತ್ರೀಯರು ಒಡಹುಟ್ಟಿದವರಂತೆ ಆರೈಕೆ ಮಾಡುತ್ತಿದ್ದರು. ತಾವು ಕಂಡ ಯಾವ ತೀರ್ಥಕ್ಷೇತ್ರದಲ್ಲಿಯೂ ಇಂತಹ ಹೆಂಗಸರಿಗೆ ಇಂತಹ ಆದರ ದೊರೆತುದನ್ನು ರಮಾಬಾಯಿಯವರು ನೋಡಿರಲಿಲ್ಲ. ಇದಕ್ಕೆ ಪ್ರೇರಣೆ ಯಾವುದೆಂದು ಕೇಳಿದರು. ಒಬ್ಬ ಸನ್ಯಾಸಿನಿಯು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಓದಿ ಹೇಳಿದಳು. ಗ್ರಂಥಗಳನ್ನು ಗ್ರಂಥಗಳಿಂದಲೇ ಅಳೆಯುವ ಅಭ್ಯಾಸವಿದ್ದ ಪಂಡಿತೆಯನ್ನು ಒಲಿಸಿದ್ದು ವಾದವಲ್ಲ, ಹೆಂಗಸರು ಹೆಂಗಸರಿಗೆ ಮಾಡಿದ ಸೇವೆ. 1883ರ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಪಡೆದರು.

ಈ ಸುದ್ದಿಯು ಪುಣೆಯಲ್ಲಿ ಕೋಲಾಹಲವನ್ನೆಬ್ಬಿಸಿತು. ಆಕೆಯನ್ನು ಕೊಂಡಾಡಿದ್ದ ಸುಧಾರಕರೂ ನೊಂದುಕೊಂಡರು. ಇದು ನಿರೀಕ್ಷಿತವೇ. ಆದರೆ ಅವರ ಹೊಸ ನಂಬಿಕೆಗೆ ಮೊದಲ ಪರೀಕ್ಷೆ ಬಂದದ್ದು ವಿರೋಧಿಗಳಿಂದಲ್ಲ, ಅದೇ ನಂಬಿಕೆಯನ್ನು ಹಂಚಿಕೊಂಡವರಿಂದ.

ವಾಂಟೇಜಿನ ಮಠದಲ್ಲಿ ರಮಾಬಾಯಿಯವರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಜೆರಾಲ್ಡಿನ್. ಆಕೆ ದೀಕ್ಷಾಸ್ನಾನದ ಸಮಯದಲ್ಲಿ ಧರ್ಮಮಾತೆಯಾದವರು. ಪುಟ್ಟ ಮನೋರಮೆಯು ಅವರನ್ನು ಆಜೀಬಾಯಿ ಎಂದು, ಎಂದರೆ ಅಜ್ಜಿ ಎಂದು ಕರೆಯುತ್ತಿದ್ದಳು. ರಮಾಬಾಯಿಯವರೂ ಅದೇ ಹೆಸರಿನಿಂದ ಅವರಿಗೆ ಪತ್ರ ಬರೆಯುತ್ತಿದ್ದರು. ಇಷ್ಟು ಸಲಿಗೆಯಿದ್ದರೂ ಅವರಿಬ್ಬರ ನಡುವೆ ಮೇಲಿಂದ ಮೇಲೆ ಘರ್ಷಣೆಯಾಯಿತು. ರಮಾಬಾಯಿಯವರು ಹುಟ್ಟಿನಿಂದ ಬಂದ ಸಸ್ಯಾಹಾರವನ್ನು ಬಿಡಲಿಲ್ಲ. ಮೊಟ್ಟೆಯನ್ನೂ ಮುಟ್ಟಲಿಲ್ಲ. ಸಿಸ್ಟರಿಗೆ ಇದು ಜಾತಿಯ ಅಹಂಕಾರದ ಶೇಷವಾಗಿ ಕಂಡಿತು. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಬಾರದೇಕೆ ಎಂದು ರಮಾಬಾಯಿಯವರು ಕೇಳಿದರು. ಲ್ಯಾಟಿನ್ ಭಾಷೆಯು ಸಂಸ್ಕೃತಕ್ಕಿಂತ ಹೇಗೆ ಹೆಚ್ಚು ಪವಿತ್ರವಾದೀತೆಂಬುದು ಅವರ ಪ್ರಶ್ನೆ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅವಕಾಶವೊಂದು ಬಂದಿತು. ಭಾರತದಲ್ಲಿದ್ದ ಬಿಷಪ್‌ಗಳು ಅದು ಅನುಚಿತವೆಂದು ಆಕ್ಷೇಪಿಸಿದರು. ದೊಡ್ಡ ದೊಡ್ಡ ಪಂಡಿತರ ಸಭೆಯಲ್ಲಿ ಮಾತಾಡಿ ಬಂದಿದ್ದ ಹೆಣ್ಣಿಗೆ ಈ ನಿರ್ಬಂಧವು ವಿಚಿತ್ರವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಮೂಲದಲ್ಲಿದ್ದುದು ವಿಧೇಯತೆಯ ಪ್ರಶ್ನೆ. ಧರ್ಮಸಭೆಯ ಹಿರಿಯರು ಹೇಳಿದ್ದನ್ನು ಪ್ರಶ್ನಿಸದೆ ನಡೆಸುವುದೇ ಭಕ್ತಿಯೆಂದು ಸಿಸ್ಟರ್ ನಂಬಿದ್ದರು. ರಮಾಬಾಯಿಯವರಾದರೋ, ತಾನು ಬಹು ಕಷ್ಟದಿಂದ ಒಂದು ಪುರೋಹಿತವರ್ಗದ ಅಧಿಕಾರದಿಂದ ಬಿಡಿಸಿಕೊಂಡು ಬಂದಿರುವಾಗ ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂದೂ, ತನ್ನ ಅಂತಃಸಾಕ್ಷಿಯನ್ನು ದೇವರ ಹೊರತು ಬೇರೆ ಯಾರಿಗೂ ಒಪ್ಪಿಸಲಾರೆನೆಂದೂ ಪತ್ರಗಳಲ್ಲಿ ಸ್ಪಷ್ಟಪಡಿಸಿದರು. ಮನೋರಮೆಗೆ ಯಾರು ಏನನ್ನು ಬೋಧಿಸಬೇಕೆಂಬ ವಿಷಯದಲ್ಲಿಯೂ ಜಗಳವಾಯಿತು. ತಾಯಿ ವ್ಯಾಸಂಗಕ್ಕಾಗಿ ದೂರವಿದ್ದಾಗ ಮಗು ಸಿಸ್ಟರಿನ ಆರೈಕೆಯಲ್ಲಿ ಬೆಳೆಯುತ್ತಿತ್ತು. ಮಗುವಿನ ಮೇಲೆ ಇಬ್ಬರಿಗೂ ಪ್ರೀತಿ, ಇಬ್ಬರಿಗೂ ಹಕ್ಕಿನ ಭಾವ. ಈ ಕಲಹದಲ್ಲಿ ರಮಾಬಾಯಿಯವರ ಮಾತೂ ಕೆಲವೊಮ್ಮೆ ಹರಿತವಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಕೋಪದಿಂದ ಬರೆದ ಪತ್ರದ ಹಿಂದೆಯೇ ವಿನಯದಿಂದ ಬರೆದ ಪತ್ರವೂ ಹೋಗುತ್ತಿತ್ತು. ಸಂಬಂಧವು ಹರಿಯಲಿಲ್ಲ. ಆ ಪತ್ರಗಳನ್ನೆಲ್ಲ, ತಮ್ಮನ್ನು ಆಕ್ಷೇಪಿಸಿದವನ್ನೂ ಬಿಡದೆ, ಜೋಪಾನವಾಗಿ ಕೂಡಿಸಿಟ್ಟವರು ಸಿಸ್ಟರ್ ಜೆರಾಲ್ಡಿನರೇ. 1977ರಲ್ಲಿ ಅವು ಪುಸ್ತಕವಾಗಿ ಹೊರಬಂದವು. ರಮಾಬಾಯಿಯವರ ಮನಸ್ಸನ್ನು ಲೋಕವು ಇಷ್ಟು ಹತ್ತಿರದಿಂದ ಅರಿಯಲು ಸಾಧ್ಯವಾದದ್ದು ಅವರೊಡನೆ ಜಗಳವಾಡಿದ ಆ ಹೆಂಗಸಿನ ಪ್ರಾಮಾಣಿಕತೆಯಿಂದ.

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. ದೂರದ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿಯನ್ನು ಸ್ವೀಕರಿಸುವ ಸಮಾರಂಭಕ್ಕೆಂದು ಹೊರಟವರು ಸುಮಾರು ಎರಡೂವರೆ ವರ್ಷ ಅಲ್ಲಿಯೇ ಉಳಿದು, ಊರೂರು ತಿರುಗಿ ಭಾರತದ ವಿಧವೆಯರ ದುಃಸ್ಥಿತಿಯನ್ನು ಕುರಿತು ಉಪನ್ಯಾಸಗಳನ್ನು ಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಬಾಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಅವರ ಪುಸ್ತಕವು 1887ರಲ್ಲಿ ಪ್ರಕಟವಾಯಿತು. ಬೆಳಗಿನ ಜಾವದಲ್ಲಿ ಪಾಠ ಹೇಳಿದ ತಾಯಿಯ ನೆನಪಿಗೆ ಅದು ಅರ್ಪಿತವಾಗಿದೆ. ಅದೇ ವರ್ಷ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ವಿಧವೆಯರ ಶಾಲೆಗೆ ಹತ್ತು ವರ್ಷಗಳ ಕಾಲ ಹಣ ಒದಗಿಸಲು ಮುಂದಾಯಿತು. ಶಾಲೆಯಲ್ಲಿ ಯಾವ ಧರ್ಮವನ್ನೂ ಬೋಧಿಸಬಾರದೆಂಬುದು ಕರಾರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಪ್ರಾರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಗೋದೂಬಾಯಿ ಎಂಬವರು ಅಲ್ಲಿ ಕಲಿಯಲು ಬಂದ ಮೊದಲ ವಿಧವೆ. ಅವರು ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದು ಆನಂದೀಬಾಯಿ ಕರ್ವೆ ಎಂದು ಹೆಸರಾದರು. ಸದನದಲ್ಲಿ ಬ್ರಾಹ್ಮಣ ಹುಡುಗಿಯರು ತಮ್ಮ ಮಡಿ, ಪೂಜೆ, ಊಟದ ನಿಯಮಗಳನ್ನು ಪಾಲಿಸಲು ಏರ್ಪಾಡಿತ್ತು. ಅದಕ್ಕೆ ಭಂಗ ಬರದಂತೆ ರಮಾಬಾಯಿಯವರೇ ಎಚ್ಚರವಹಿಸಿದರು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಮನೆಯಲ್ಲಿ ಅಪಶಕುನವೆಂದು ಬೈಸಿಕೊಂಡು ಮೂಲೆಯಲ್ಲಿ ಬೆಳೆದ ಹುಡುಗಿಯರು ಅವರು. ಅವರಿಗೆ ಇಲ್ಲಿ ದೊರೆತದ್ದು ಅಕ್ಷರ ಮಾತ್ರವಲ್ಲ. ರಮಾಬಾಯಿಯವರು ಅವರೊಡನೆ ಕುಳಿತು ಹರಟುತ್ತಿದ್ದರು; ಕಾಯಿಲೆ ಬಿದ್ದರೆ ತಾವೇ ಪಕ್ಕದಲ್ಲಿರುತ್ತಿದ್ದರು. ಯಜಮಾನಿಯ ಕೋಣೆ ಎಲ್ಲರಿಗೂ ತೆರೆದಿತ್ತು.

ಆ ತೆರೆದ ಕೋಣೆಯಿಂದಲೇ ದೊಡ್ಡ ವಿವಾದವೊಂದು ಹುಟ್ಟಿತು. ಪ್ರತಿದಿನ ಬೆಳಿಗ್ಗೆ ರಮಾಬಾಯಿಯವರು ಮಗಳೊಡನೆ ಅಲ್ಲಿ ಬೈಬಲನ್ನು ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಬನ್ನಿರೆಂದು ಯಾರನ್ನೂ ಕರೆಯುತ್ತಿರಲಿಲ್ಲ. ಬಂದವರನ್ನು ಹೋಗಿರೆಂದೂ ಹೇಳುತ್ತಿರಲಿಲ್ಲ. ದಿನ ಕಳೆದಂತೆ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಪುಣೆಯ ಪತ್ರಿಕೆಗಳಲ್ಲಿ ಟೀಕೆ ಪ್ರಾರಂಭವಾಯಿತು. ಲೋಕಮಾನ್ಯ ತಿಲಕರ ಕೇಸರಿಯು ತೀಕ್ಷ್ಣವಾಗಿ ಬರೆಯಿತು. ಸಲಹಾ ಸಮಿತಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಂಡಾರಕರ್ ಅವರಂತಹ ಹಿತೈಷಿಗಳೂ ಇದನ್ನು ಒಪ್ಪಲಿಲ್ಲ. ಧರ್ಮಬೋಧೆಯಿಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಕಳುಹಿಸಿದ ಪೋಷಕರ ಆತಂಕದಲ್ಲಿ ಅರ್ಥವಿತ್ತು. ಎಳೆಯ ಮನಸ್ಸುಗಳು ತಮಗೆ ಆಶ್ರಯವಿತ್ತವರ ಪ್ರೀತಿಗೆ ಮನಸೋತು ಅವರ ಧರ್ಮಕ್ಕೂ ಮನಸೋಲುವುದು ಸಹಜವಲ್ಲವೇ? ರಮಾಬಾಯಿಯವರ ಪಕ್ಷವೂ ಸರಳವಾಗಿತ್ತು. ಹುಡುಗಿಯರು ತುಳಸೀಪೂಜೆ ಮಾಡುವುದನ್ನು ತಾನು ತಡೆಯುವುದಿಲ್ಲ. ತನ್ನ ಪ್ರಾರ್ಥನೆಗೆ ಬರುವುದನ್ನೂ ತಡೆಯುವುದಿಲ್ಲ. ತನ್ನ ಮನೆಯಲ್ಲಿ ತನ್ನ ದೇವರನ್ನು ಬಾಗಿಲು ಹಾಕಿಕೊಂಡು ಕದ್ದು ಪ್ರಾರ್ಥಿಸುವುದು ತನ್ನಿಂದಾಗದು. ಹುಡುಗಿಯರನ್ನು ಮಕ್ಕಳೆಂದು ಕರೆದ ಮೇಲೆ ತಾಯಿಯ ಕೋಣೆಗೆ ಅವರು ಬರಬಾರದೆಂದು ಹೇಳುವುದು ಹೇಗೆ?

1893ರಲ್ಲಿ ಸಮಿತಿಯವರು ರಾಜೀನಾಮೆಯಿತ್ತರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ಹೋಗುವಾಗ ಅತ್ತವರ ಮುಖಗಳನ್ನು ನೋಡಿಯೂ ರಮಾಬಾಯಿಯವರು ಬಾಗಿಲನ್ನು ಮುಚ್ಚಲು ಒಪ್ಪಲಿಲ್ಲ. ಒಪ್ಪಿದ್ದರೆ ಆ ಹುಡುಗಿಯರ ವಿದ್ಯೆ ಮುಂದುವರಿಯುತ್ತಿತ್ತೆಂಬುದೂ ನಿಜ. ಅವರು ತೆತ್ತ ಬೆಲೆಯಲ್ಲಿ ಬೇರೆಯವರ ಪಾಲೂ ಇತ್ತು. ಈ ಪ್ರಸಂಗದಲ್ಲಿ ಯಾರದು ಸರಿ ಎಂಬುದನ್ನು ಕುರಿತು ಇಂದಿಗೂ ಒಮ್ಮತವಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರವಾದ ಕ್ಷಾಮವು ತಲೆದೋರಿತು. ಸುದ್ದಿ ಕೇಳಿದ ರಮಾಬಾಯಿಯವರಿಗೆ ಇಪ್ಪತ್ತೆರಡು ವರ್ಷಗಳ ಹಿಂದಿನ ಕಾಡು, ತಂದೆಯ ಕುರುಡು ಕಣ್ಣು, ತಲೆಯ ಮೇಲಿನ ಚಟ್ಟ ಎಲ್ಲವೂ ನೆನಪಾದವು. ಕೂಡಲೆ ಹೊರಟರು. ಪರಿಹಾರ ಕೇಂದ್ರಗಳಲ್ಲಿ ಹಸಿದ ಹುಡುಗಿಯರನ್ನು ದುಷ್ಟರು ಒಂದು ಹಿಡಿ ಕಾಳಿನ ಆಸೆ ತೋರಿಸಿ ಒಯ್ಯುವುದನ್ನು ಕಂಡರು. ಸಾಧ್ಯವಾದಷ್ಟು ಜನರನ್ನು ತಮ್ಮೊಂದಿಗೆ ಕರೆತಂದರು. ಆ ವರ್ಷಗಳಲ್ಲಿ ಬಂದವರ ಸಂಖ್ಯೆ ಸುಮಾರು 300. ಪುಣೆಯಲ್ಲಿ ಪ್ಲೇಗು ಹರಡಿದ್ದುದರಿಂದ ಇಷ್ಟು ಜನರನ್ನು ಊರೊಳಗೆ ಇರಿಸುವಂತಿರಲಿಲ್ಲ. ಊರಿನಿಂದ ಮೂವತ್ತು ಮೈಲಿಗೂ ಮಿಕ್ಕ ದೂರದಲ್ಲಿದ್ದ ಕೇಡಗಾಂವ್‌ನಲ್ಲಿ ಅವರು ಮೊದಲೇ ಜಮೀನು ಕೊಂಡಿದ್ದರು. ಅಲ್ಲಿ ಡೇರೆಗಳೆದ್ದವು. ಹೀಗೆ ಆರಂಭವಾದುದೇ ಮುಕ್ತಿ ಸದನ. ಪ್ಲೇಗು ರೋಗಿಗಳನ್ನು, ಅದರಲ್ಲಿಯೂ ಹೆಂಗಸರನ್ನು, ಸರ್ಕಾರದವರು ನಡೆಸಿಕೊಂಡ ರೀತಿಯನ್ನು ಖಂಡಿಸಿ 1897ರಲ್ಲಿ ಅವರು ಪತ್ರಿಕೆಗೆ ಬರೆದುದು ಮುಂಬಯಿಯ ಆಡಳಿತವನ್ನು ಕೆರಳಿಸಿತು. ಅರಸರ ಧರ್ಮವನ್ನು ಅಪ್ಪಿದವಳು ಅರಸರ ಪಕ್ಷವನ್ನೂ ಹಿಡಿಯುವಳೆಂದು ಎಣಿಸಿದ್ದವರ ಎಣಿಕೆ ತಪ್ಪಾಯಿತು.

1900ರಲ್ಲಿ ಗುಜರಾತಿನ ಕ್ಷಾಮದಿಂದಲೂ ಹುಡುಗಿಯರು ಬಂದರು. ಮುಕ್ತಿಯ ಕುಟುಂಬವು 1,500ನ್ನು ಮೀರಿ ಬೆಳೆಯಿತು. ಬಂದವರು ಬಗೆಬಗೆಯ ಜಾತಿಯವರು. ಎಲುಬಿನ ಗೂಡಾದವರು, ಹುಣ್ಣು ಕಜ್ಜಿ ತುಂಬಿದವರು, ಕದ್ದು ತಿಂದು ಬದುಕಲು ಕಲಿತವರು. ಸ್ನಾನ ಮಾಡಿಸಿದರೆ ಕಚ್ಚುವವರೂ ಇದ್ದರು. ಅವರನ್ನು ಶಾರದಾ ಸದನದಲ್ಲಿ ಕಲಿತ ವಿಧವೆಯರ ಕೈಗೆ ಒಪ್ಪಿಸಲಾಯಿತು. ಒಬ್ಬೊಬ್ಬ ಹಿರಿಯಳು ಒಂದೊಂದು ಗುಂಪಿಗೆ ತಾಯಿಯಾದಳು. ಮಡಿಯುಟ್ಟು ಬೇರೆ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳು ಜಾತಿಯೂ ತಿಳಿಯದ ಮಗುವಿನ ತಲೆಯ ಹೇನನ್ನು ತೆಗೆದು ತುತ್ತು ಕೊಡುವುದೆಂದರೆ ಅದೇನು ಸಾಮಾನ್ಯವಾದ ಮಾತಲ್ಲ. ರಮಾಬಾಯಿಯವರು ಇದನ್ನು ಉಪದೇಶದಿಂದ ಮಾಡಿಸಲಿಲ್ಲ. ಅತ್ಯಂತ ಅಸಹ್ಯವಾದ ಕೆಲಸವನ್ನು ತಾವೇ ಮೊದಲು ಮಾಡುತ್ತಿದ್ದರು. ಬಿಳಿಯ ನೂಲಿನ ಸೀರೆ, ಕತ್ತರಿಸಿದ ಕೂದಲು, ಸಸ್ಯಾಹಾರ ಇವು ಅವರಿಗೆ ಕೊನೆಯವರೆಗೂ ಉಳಿದವು.

ನೇಯ್ಗೆ, ಹೊಲಿಗೆ, ಗಾಣ, ಹೈನುಗಾರಿಕೆ, ತೋಟದ ಬೇಸಾಯ, ಅಚ್ಚುಕೂಟ ಎಲ್ಲವೂ ಅಲ್ಲಿ ಹೆಂಗಸರ ಕೈಯಲ್ಲಿದ್ದವು. ದಾರಿ ತಪ್ಪಿದ ಹೆಂಗಸರಿಗೆ ಕೃಪಾ ಸದನವೂ ವೃದ್ಧೆಯರಿಗೆ ಪ್ರೀತಿ ಸದನವೂ ಏರ್ಪಟ್ಟವು. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸುವ ಹೊಣೆಯನ್ನು ಮನೋರಮಾಬಾಯಿಯವರು ಹೊತ್ತರು. ಕುರುಡು ತಂದೆಗೆ ಪುರಾಣವನ್ನು ಓದಿ ಹೇಳಿದವಳ ಮನೆಯಲ್ಲಿ ಕುರುಡರೇ ಓದುವಂತಾಯಿತು.

ಮುಕ್ತಿಯ ದೊಡ್ಡ ಚರ್ಚಿನಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಈ ನಾಡಿನ ಧಾಟಿಗಳಲ್ಲಿ ಭಜನೆ ಹಾಡುತ್ತಿದ್ದರು. ಆ ಸಭೆಯನ್ನು ರಮಾಬಾಯಿಯವರು ಯಾವ ಪಂಗಡಕ್ಕೂ ಅಧೀನಗೊಳಿಸಲಿಲ್ಲ. 1905ರಲ್ಲಿ ಅಲ್ಲಿ ಭಕ್ತಿಯ ಒಂದು ಮಹಾ ಆವೇಶವು ಕಾಣಿಸಿಕೊಂಡಿತು. ನೂರಾರು ಹುಡುಗಿಯರು ಅಳುತ್ತ, ಕೂಗುತ್ತ, ಏಕಕಾಲದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಈ ಗದ್ದಲವನ್ನು ಕೆಲವರು ಮೆಚ್ಚಲಿಲ್ಲ. ಹೆಂಗಸರು ತಮ್ಮ ದೇವರೊಡನೆ ತಮ್ಮ ರೀತಿಯಲ್ಲಿ ಮಾತಾಡಲೆಂದು ರಮಾಬಾಯಿಯವರು ಸುಮ್ಮನಿದ್ದರು.

ಜೀವಿತದ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ಅವರು ಬೈಬಲಿನ ಹೊಸ ಮರಾಠಿ ಭಾಷಾಂತರಕ್ಕೆ ಮೀಸಲಿಟ್ಟರು. ಆಗ ಇದ್ದ ಭಾಷಾಂತರವು ಸಂಸ್ಕೃತ ಪದಗಳಿಂದ ಕಠಿಣವಾಗಿ, ಹಳ್ಳಿಯ ಹೆಂಗಸರಿಗೆ ಎಟುಕುತ್ತಿರಲಿಲ್ಲ. ಹದಿನೆಂಟು ಸಾವಿರ ಸಂಸ್ಕೃತ ಶ್ಲೋಕಗಳನ್ನು ನಾಲಗೆಯ ಮೇಲೆ ಹೊತ್ತಿದ್ದ ವಿದುಷಿಯು ಸಂಸ್ಕೃತವನ್ನು ದೂರವಿಟ್ಟು, ತಮ್ಮ ಅಡುಗೆಮನೆಯ ಹುಡುಗಿಯರು ಆಡುವ ಮಾತಿನಲ್ಲಿ ಬರೆಯಲು ಹೊರಟರು. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಕಾಗದ ಮಡಿಸುವುದು ಎಲ್ಲವನ್ನೂ ಮುಕ್ತಿಯ ಹೆಂಗಸರೇ ಮಾಡಿದರು.

ತಾಯಿಯ ಕೆಲಸವನ್ನು ಮುಂದುವರಿಸುವವರು ಮನೋರಮಾಬಾಯಿಯವರೇ ಎಂದು ಎಲ್ಲರೂ ನಂಬಿದ್ದರು. ಶಾರದಾ ಸದನದ ಮುಖ್ಯಸ್ಥೆಯಾಗಿದ್ದ ಅವರು ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲಬರ್ಗಾದಲ್ಲಿಯೂ, ಎಂದರೆ ಇಂದಿನ ಕಲಬುರಗಿಯಲ್ಲಿಯೂ, ಒಂದು ಶಾಲೆಯನ್ನು ತೆರೆದರು. ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿದ ತಾಯಿಯ ಸಂಕಲ್ಪವು ಮಗಳ ಕೈಯಿಂದ ಕನ್ನಡ ನಾಡಿಗೆ ಹಿಂದಿರುಗಿತು. ಆದರೆ ದುಡಿಮೆಯಿಂದ ಅವರ ದೇಹವು ಸವೆದುಹೋಗಿತ್ತು. 1921ರ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಇಪ್ಪತ್ತನಾಲ್ಕು ತುಂಬುವುದರೊಳಗೆ ಕಳೆದುಕೊಂಡಿದ್ದಾಕೆಗೆ ಉಳಿದಿದ್ದ ರಕ್ತಸಂಬಂಧವೊಂದು ಅರವತ್ತಮೂರರಲ್ಲಿ ಹರಿಯಿತು. ಅಷ್ಟು ಹೊತ್ತಿಗೆ ರಮಾಬಾಯಿಯವರ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಸಮಾಧಾನ ಹೇಳಲು ಬಂದವರ ಮಾತುಗಳು ಅವರನ್ನು ಎಷ್ಟು ತಲುಪಿದವೋ! ಅವರು ಮತ್ತೆ ಅಚ್ಚಿನ ಕರಡುಗಳನ್ನು ತಿದ್ದಲು ಕುಳಿತರು.

ಸರ್ಕಾರವು 1919ರಲ್ಲಿ ಅವರಿಗೆ ಕೈಸರ್-ಎ-ಹಿಂದ್ ಪದಕವನ್ನು ನೀಡಿತ್ತು. 1989ರಲ್ಲಿ ಸ್ವತಂತ್ರ ಭಾರತದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಕ್ತಿಯ ಸಂಸ್ಥೆಯು ಕೇಡಗಾಂವ್‌ನಲ್ಲಿ ಈಗಲೂ ನಡೆಯುತ್ತಿದೆ.

ಮಗಳು ಹೋದ ಒಂಬತ್ತನೆಯ ತಿಂಗಳಲ್ಲಿ, ಭಾಷಾಂತರದ ಕೆಲಸವನ್ನು ಮುಗಿಸಿದ ಬಳಿಕ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿದ್ರೆಯಲ್ಲಿಯೇ ದೇಹವನ್ನು ಬಿಟ್ಟರು. ಅಚ್ಚುಕೂಟದ ಹೆಂಗಸರು ಕೆಲಸವನ್ನು ನಿಲ್ಲಿಸಲಿಲ್ಲ. ಒಡೆಯಳಿಲ್ಲದ ಮನೆಯಲ್ಲಿ ಅವರು ಉಳಿದ ಹಾಳೆಗಳಿಗೆ ಒಂದೊಂದಾಗಿ ಮೊಳೆ ಜೋಡಿಸಿ, ಪುಸ್ತಕವನ್ನು ಪೂರೈಸಿ ಹೊಲಿದರು.